ಕಲ್ಲ ನಾಗರ, ದಿಟದ ನಾಗರ: ಈ ವಚನದಲ್ಲಿ ‘ಎಂಬರು’ ಎಂದರೆ ಯಾರು?

ಕಪ್ಪುಮಣ್ಣು, ನರಗುಂದ

ಪಂಚಮಿಯ ರಜೆ ಮುಗಿದು ಶಾಲೆ ತೆರೆದ ದಿನ ಒಂಬತ್ತನೆಯ ತರಗತಿಯಲ್ಲಿ ಬಸವಣ್ಣನವರ ಈ ವಚನವನ್ನು ಓದಿಸಿದೆ. ಮಕ್ಕಳು ಡಬ್ಬಿಯಲ್ಲಿ ಇನ್ನೂ ಶೇಂಗಾ ಉಂಡಿ, ಎಳ್ಳುಂಡಿ ತರುತ್ತಿದ್ದ ವಾರವದು. ಹಾಗಾಗಿ ನಾಗರನಿಗೆ ಹಾಲೆರೆಯುವುದೆಂದರೇನು ಎಂದು ವಿವರಿಸುವ ಕಷ್ಟವಿರಲಿಲ್ಲ.

ಕಲ್ಲ ನಾಗರ ಕಂಡರೆ ಹಾಲನೆರೆಯೆಂಬರು,
ದಿಟದ ನಾಗರ ಕಂಡರೆ ಕೊಲ್ಲೆಂಬರಯ್ಯಾ.
ಉಂಬ ಜಂಗಮ ಬಂದರೆ ನಡೆಯೆಂಬರು,
ಉಣ್ಣದ ಲಿಂಗಕ್ಕೆ ಬೋನವ ಹಿಡಿಯೆಂಬರಯ್ಯಾ.
ನಮ್ಮ ಕೂಡಲಸಂಗನ ಶರಣರ ಕಂಡು ಉದಾಸೀನವ ಮಾಡಿದಡೆ
ಕಲ್ಲ ತಾಗಿದ ಮಿಟ್ಟೆಯಂತಪ್ಪರಯ್ಯಾ.

ಸಾರಾಂಶ ಎಲ್ಲರಿಗೂ ಗೊತ್ತಿತ್ತು. ಅಲಂಕಾರ ಯಾವುದೆಂದು ಕೇಳಿದಾಗ ಕೊನೆಯ ಸಾಲಿನ ‘ಅಂತೆ’ ನೋಡಿ ‘ಉಪಮೆ’ ಎಂದರು. ಅದೂ ಸರಿ. ಆದರೆ ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು, ‘ಅಕ್ಕನವರೇ, ಎರೆ ಎಂದು ಹೇಳುವವರು ಯಾರು, ಎರೆಯುವವರು ಯಾರು?’ ಎಂದು ಕೇಳಿದಳು. ಹದಿನೆಂಟು ವರ್ಷಗಳಿಂದ ಕನ್ನಡ ಕಲಿಸುತ್ತಿದ್ದೇನೆ. ಈ ಪ್ರಶ್ನೆ ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

ಮನೆಗೆ ಬಂದು ಮತ್ತೆ ಓದಿದೆ. ಹಾಲನ್ನು ಎರೆಯುವರು ಎಂದಿಲ್ಲ, ಎರೆ ಎಂಬರು ಎಂದಿದೆ. ಕೊಲ್ಲುವರು ಎಂದಿಲ್ಲ, ಕೊಲ್ಲು ಎಂಬರು. ನಡೆ ಎಂಬರು. ಹಿಡಿ ಎಂಬರು. ನಾಲ್ಕೂ ಆಜ್ಞೆಗಳು. ಹಾಗಾದರೆ ಈ ನಾಲ್ಕು ಸಾಲುಗಳಲ್ಲಿ ಕೆಲಸ ಮಾಡುವ ಕೈಯೊಂದು ಬೇರೆ, ಅಪ್ಪಣೆ ಕೊಡುವ ಬಾಯಿಯೊಂದು ಬೇರೆ. ಹಾಲು ಕರೆದವಳು, ದೇವರ ಎಡೆಗೆಂದು ಬೋನ ಬೇಯಿಸಿದವಳು, ಕೋಲು ಹಿಡಿದು ಹಾವಿನ ಹಿಂದೆ ಓಡಿದ ಆಳು, ಇವರಾರೂ ವಚನದಲ್ಲಿ ಕಾಣುವುದಿಲ್ಲ. ಬೂಟಾಟಿಕೆ ಇರುವುದು ಹೇಳುವವರ ಬಾಯಲ್ಲಿ ಎಂದು ಬಸವಣ್ಣನವರು ಕ್ರಿಯಾಪದದಿಂದಲೇ ತೋರಿಸುತ್ತಿದ್ದಾರೆ ಎಂದು ನನಗೆ ಅನಿಸುತ್ತದೆ.

ಅಲಂಕಾರಗಳ ಪಟ್ಟಿ ನನಗೆ ಬೇಡ. ಈ ಆರು ಸಾಲುಗಳು ಇಷ್ಟು ಚುರುಕಾಗಿ ತಾಗುವುದು ಹೇಗೆ, ಯಾವ ಪದ ಏನು ಮಾಡುತ್ತಿದೆ ಎಂಬುದನ್ನು ಬಲ್ಲವರು ಬಿಡಿಸಿ ಹೇಳಿ.

ಸಪ್ತಾಪುರದ ಓದುಗ, ಧಾರವಾಡ

ಅಕ್ಕನವರೇ, ಆ ಹುಡುಗಿಗೆ ನನ್ನ ನಮಸ್ಕಾರ ತಿಳಿಸಿ. ನಾನು ನಿವೃತ್ತ ಅಧ್ಯಾಪಕ. ನನ್ನ ವಿದ್ಯಾರ್ಥಿಗಳಲ್ಲಿ ಯಾರೂ ಅದನ್ನು ಕೇಳಲಿಲ್ಲ.

ಎರಡು ಸಂಗತಿಗಳನ್ನು ಸೇರಿಸುತ್ತೇನೆ. ಮೊದಲನೆಯದು ಸಾಲುಗಳ ಜೋಡಣೆ. ಮೊದಲ ಜೋಡಿಯಲ್ಲಿ ಜಡವಾದದ್ದು ಮುಂದೆ, ಜೀವವಿರುವುದು ಹಿಂದೆ: ಕಲ್ಲ ನಾಗರ, ದಿಟದ ನಾಗರ. ಎರಡನೆಯ ಜೋಡಿಯಲ್ಲಿ ಅದು ತಿರುಗುತ್ತದೆ: ಉಂಬ ಜಂಗಮ, ಉಣ್ಣದ ಲಿಂಗ. ನಾಲ್ಕನ್ನೂ ಸಾಲಾಗಿ ಇಟ್ಟು ನೋಡಿ. ಕಲ್ಲು, ಜೀವ, ಜೀವ, ಕಲ್ಲು. ಉಸಿರಾಡುವ ಎರಡು ಪ್ರಾಣಿಗಳು ಎರಡು ಕಲ್ಲುಗಳ ನಡುವೆ ಸಿಕ್ಕಿವೆ. ಒಂದಕ್ಕೆ ಸಾವು, ಇನ್ನೊಂದಕ್ಕೆ ಹಸಿವು. ಎರಡನೆಯ ಜೋಡಿಯೂ ‘ಉಣ್ಣದ ಲಿಂಗ’ದಿಂದ ಆರಂಭವಾಗಿದ್ದರೆ ಅದು ಮೊದಲನೆಯದರ ಪ್ರತಿಯಾಗಿ, ಕಿವಿ ಮಂಕಾಗುತ್ತಿತ್ತು.

ಎರಡನೆಯದು ‘ಉಂಬ’ ಮತ್ತು ‘ಉಣ್ಣದ’. ಎರಡೂ ‘ಉಣ್’ ಎಂಬ ಒಂದೇ ಧಾತುವಿನಿಂದ ಬಂದ ಕೃದಂತಗಳು, ಒಂದು ವಿಧಿ, ಇನ್ನೊಂದು ನಿಷೇಧ. ‘ಹಸಿದ ಜಂಗಮ’ ಎಂದು ಬರೆಯಬಹುದಿತ್ತು. ಆಗ ಓದುಗನಲ್ಲಿ ಕನಿಕರ ಹುಟ್ಟುತ್ತಿತ್ತು. ‘ಬಡ ಜಂಗಮ’ ಎಂದಿದ್ದರೆ ಅವನೊಬ್ಬ ಭಿಕ್ಷುಕನಾಗಿ ನಿಲ್ಲುತ್ತಿದ್ದ. ‘ಉಂಬ’ ಎಂದಾಗ ಕನಿಕರಕ್ಕೆ ಎಡೆಯಿಲ್ಲ. ಉಣ್ಣುವುದು ಅವನ ಗುಣ, ಬೆಂಕಿಗೆ ಸುಡುವ ಗುಣವಿದ್ದಂತೆ. ಉಣ್ಣುವವನಿಗೆ ಅನ್ನ ಕೊಡಿ, ಉಣ್ಣದ್ದಕ್ಕೆ ಏಕೆ ಕೊಡುತ್ತೀರಿ ಎಂಬ ಲೆಕ್ಕಕ್ಕೆ ಧರ್ಮಶಾಸ್ತ್ರ ಬೇಕಾಗಿಲ್ಲ, ಅಡುಗೆಮನೆಯ ತಿಳಿವಳಿಕೆ ಸಾಕು. ಬಡತನದ ಬಗ್ಗೆ ಬರೆಯುವ ಕವಿಗಳು ಬಹಳ ಸಲ ಜಾರಿ ಬೀಳುವುದು ಕನಿಕರದ ವಿಶೇಷಣಗಳಲ್ಲಿ. ಇಲ್ಲಿ ಅಂಥ ಒಂದು ವಿಶೇಷಣವೂ ಇಲ್ಲ.

ಉಣಕಲ್ಲಿನವನು, ಹುಬ್ಬಳ್ಳಿ

ಸರ್, ತಾವು ಹೇಳಿದ್ದನ್ನು ಒಪ್ಪುತ್ತಲೇ ಒಂದು ತಕರಾರು ಎತ್ತುತ್ತೇನೆ. ಈ ವಚನ ಬಡತನದ ಬಗ್ಗೆ ಇದೆಯೇ? ಜಂಗಮ ಎಂದರೆ ಬಡವ ಎಂದರ್ಥವಲ್ಲ. ಶರಣರ ಮಾತಿನಲ್ಲಿ ಅವನು ಪೂಜ್ಯ, ಚಲಿಸುವ ಶಿವ. ಜಂಗಮನಿಗೆ ಉಣಿಸು ಎನ್ನುವುದೂ ಒಂದು ಧಾರ್ಮಿಕ ವಿಧಿಯೇ. ದೇವರಿಗೆ ಎಡೆ ಇಡುವ ಬದಲು ಜಂಗಮನಿಗೆ ಎಡೆ ಇಡು ಎನ್ನುತ್ತಿದ್ದಾರೆ. ದಾಸೋಹದ ತತ್ವ ಅದು. ಕೊನೆಯ ಎರಡು ಸಾಲುಗಳಲ್ಲಂತೂ ‘ನಮ್ಮ ಕೂಡಲಸಂಗನ ಶರಣರು’ ಎಂದು ಸ್ಪಷ್ಟವಾಗಿದೆ. ಊರಿನ ಎಲ್ಲ ಹಸಿದವರ ಮಾತು ಅಲ್ಲಿ ಬಂದಿಲ್ಲ.

ನಮ್ಮ ಕಡೆ ಜಂಗಮ ಎಂದ ಕೂಡಲೇ ಭಿಕ್ಷೆಗೆ ಬರುವ ಅಯ್ಯನವರು ನೆನಪಾಗುತ್ತಾರೆ. ಅವರನ್ನು ಯಾರೂ ‘ನಡೆ’ ಎನ್ನುವುದಿಲ್ಲ, ಗೌರವದಿಂದ ಜೋಳಿಗೆ ತುಂಬಿಸುತ್ತಾರೆ. ‘ನಡೆ’ ಎನಿಸಿಕೊಳ್ಳುವವರು ಬೇರೆಯವರು. ಇಪ್ಪತ್ತೆರಡು ವರ್ಷ ಮಾರುಕಟ್ಟೆಯಲ್ಲಿ ಅಂಗಡಿ ನಡೆಸಿದ್ದೇನೆ, ಅವರನ್ನು ದಿನವೂ ನೋಡುತ್ತೇನೆ. ಹನ್ನೆರಡನೆಯ ಶತಮಾನದ ಪಠ್ಯಕ್ಕೆ ನಮ್ಮ ಕಾಲದ ಅರ್ಥವನ್ನು ತೊಡಿಸುವ ಮೊದಲು ಇಷ್ಟನ್ನಾದರೂ ಒಪ್ಪಿಕೊಳ್ಳಬೇಕು.

ಬಡತನವೇ ಬಾಯಿಬಿಟ್ಟು ಮಾತನಾಡುವ ವಚನ ಬೇಕಾದರೆ ‘ಉಳ್ಳವರು ಶಿವಾಲಯ ಮಾಡುವರು, ನಾನೇನ ಮಾಡಲಿ ಬಡವನಯ್ಯಾ’ ಎಂಬುದಿದೆ.

ವೀರನಾರಾಯಣನ ಓಣಿ, ಗದಗ

ಅಣ್ಣನವರು ಎತ್ತಿದ ತಕರಾರು ನ್ಯಾಯವಾದದ್ದು. ನಾನು ಪಂಡಿತಳಲ್ಲ, ಮನೆಯಲ್ಲಿ ಕಂಡದ್ದನ್ನು ಹೇಳುತ್ತೇನೆ.

ಪಂಚಮಿಯ ದಿನ ನಮ್ಮಲ್ಲಿ ಹಾಲೆರೆಯುವಾಗ ಸುಮ್ಮನೆ ಎರೆಯುವುದಿಲ್ಲ. ‘ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು’ ಎಂದು ಒಬ್ಬೊಬ್ಬರ ಹೆಸರು ಹೇಳುತ್ತ ಎರೆಯುತ್ತೇವೆ. ತವರಿನವರ ಪಾಲು, ದೂರದೂರಿನಲ್ಲಿರುವ ಮಗನ ಪಾಲು ಎಂದೂ ಸೇರಿಸುತ್ತೇವೆ. ನನ್ನ ಅತ್ತೆಯವರು ತೀರಿಹೋದವರ ಹೆಸರನ್ನೂ ಬಿಡುತ್ತಿರಲಿಲ್ಲ. ಆ ಸಾಲನ್ನು ಕೇಳಲು ನನಗೆ ಈಗಲೂ ಇಷ್ಟ. ಅಕ್ಕನವರ ಬರಹ ಓದಿದ ಮೇಲೆ ಒಂದು ಮಾತು ಕುಟುಕಿತು. ಬಾಗಿಲಿಗೆ ಬಂದವನ ಪಾಲು ಎಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ನಾನೂ ಹೇಳಿಲ್ಲ. ಅವನಿಗೆ ನಾವು ಹೇಳುವ ಮಾತು ‘ಮುಂದೆ ಹೋಗಪ್ಪ’ ಎಂಬುದು. ವಚನದ ‘ನಡೆ’ ನನ್ನ ಬಾಯಲ್ಲೇ ಇದೆ.

ಇನ್ನು ದಿಟದ ನಾಗರ. ಹೊಲದಲ್ಲಿ ಹಾವು ಹೊರಟರೆ ಹೊಡೆಯುವುದು ಬೂಟಾಟಿಕೆಯಿಂದಲ್ಲ, ಹೆದರಿಕೆಯಿಂದ. ಹತ್ತಿ ಬಿಡಿಸುವಾಗ ಕಾಲಿನ ಬಳಿ ಹಾವು ಹರಿದಾಡಿದವರಿಗೆ ಅದು ಗೊತ್ತು. ಹಾಗಾದರೆ ಬಸವಣ್ಣನವರು ಹಾವನ್ನೂ ಜಂಗಮನನ್ನೂ ಒಂದರ ಪಕ್ಕ ಒಂದನ್ನು ಏಕೆ ಇಟ್ಟರು? ಬಾಗಿಲಲ್ಲಿ ನಿಂತ ಹಸಿದವನನ್ನು ಕಂಡಾಗಲೂ ನಮ್ಮಲ್ಲಿ ಹುಟ್ಟುವುದು ಅದೇ ಹೆದರಿಕೆಯೇ ಇರಬಹುದು. ಇವನಿಗೆ ಕೊಟ್ಟರೆ ನಾಳೆ ಹತ್ತು ಜನ ಬಂದಾರು ಎಂಬ ಹೆದರಿಕೆ. ಕಲ್ಲಿನ ನಾಗರನಿಂದ ಆ ಭಯವಿಲ್ಲ. ಎಷ್ಟು ಎರೆದರೂ ಅದು ಇನ್ನಷ್ಟು ಕೇಳುವುದಿಲ್ಲ. ಹೀಗೆ ಓದಿದಾಗ ವಚನ ನನಗೆ ಇನ್ನೂ ಹತ್ತಿರವಾಯಿತು, ಇನ್ನೂ ನೋಯಿಸಿತು.

ಈಗ ಕೆಲವು ಸಂಘಟನೆಗಳವರು ಈ ಹಬ್ಬವನ್ನು ಬಸವ ಪಂಚಮಿ ಎಂದು ಕರೆದು ಹಾಲನ್ನು ಮಕ್ಕಳಿಗೆ, ರೋಗಿಗಳಿಗೆ ಹಂಚುತ್ತಾರೆ. ಅದರ ಹಿಂದಿರುವುದು ಇದೇ ಮಾತು ಎಂದು ನಾನು ತಿಳಿದಿದ್ದೇನೆ.

ತುಂಗಭದ್ರೆಯ ದಂಡೆ, ಹಾವೇರಿ

ಗದಗದ ಅಕ್ಕ ಬರೆದದ್ದನ್ನು ಎರಡು ಬಾರಿ ಓದಿದೆ. ಹೆದರಿಕೆಯ ಮಾತು ನನ್ನ ತಲೆಯಿಂದ ಹೋಗುವುದಿಲ್ಲ.

ಬಡತನ ನೇರವಾಗಿ ಬರುವ ವಚನವೊಂದು ನಮ್ಮ ಜಿಲ್ಲೆಯದೇ ಇದೆ. ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರದ ಹೆಸರಿನಲ್ಲೇ ಇರುವ ಅಂಬಿಗರ ಚೌಡಯ್ಯನವರದು. ‘ಬಡತನಕ್ಕೆ ಉಂಬುವ ಚಿಂತೆ, ಉಣಲಾದರೆ ಉಡುವ ಚಿಂತೆ, ಉಡಲಾದರೆ ಇಡುವ ಚಿಂತೆ’ ಎಂದು ಆರಂಭವಾಗುತ್ತದೆ. ಮುಂದೆ ಹೆಂಡಿರು, ಮಕ್ಕಳು, ಬದುಕು, ಕೇಡು, ಕೊನೆಗೆ ಮರಣ. ಪ್ರತಿ ತುಣುಕಿನಲ್ಲಿ ಚಿಂತೆಗೆ ಕಾರಣವಾದದ್ದೇ ಮುಂದಿನ ತುಣುಕಿನ ಮೊದಲ ಮಾತಾಗುತ್ತದೆ, ಸರಪಳಿಯ ಕೊಂಡಿಗಳ ಹಾಗೆ. ಉಣಲು, ಉಡಲು, ಇಡಲು ಎಂಬ ಮೂರು ಪದಗಳಲ್ಲಿ ಬದಲಾಗುವುದು ಒಂದೊಂದೇ ಅಕ್ಷರ. ಹೊಟ್ಟೆಯಿಂದ ಬಟ್ಟೆಗೆ, ಬಟ್ಟೆಯಿಂದ ಒಡವೆಗೆ ಜಾರುವುದು ಎಷ್ಟು ಸುಲಭ ಎಂಬುದನ್ನು ಆ ಒಂದೊಂದು ಅಕ್ಷರ ಹೇಳಿಬಿಡುತ್ತದೆ.

ಆದರೂ ನನಗೆ ಅಲ್ಲಿ ಒಂದು ಅತೃಪ್ತಿ ಇದೆ. ಚೌಡಯ್ಯನವರು ಬಡತನದಿಂದ ಹೊರಟು ಎರಡೇ ಹೆಜ್ಜೆಯಲ್ಲಿ ಅದನ್ನು ದಾಟಿಬಿಡುತ್ತಾರೆ. ಉಣ್ಣುವ ಚಿಂತೆ ಮತ್ತು ಒಡವೆ ಇಡುವ ಚಿಂತೆ ಒಂದೇ ತೂಕದ ಚಿಂತೆಗಳೇ? ಸರಪಳಿಯಲ್ಲಿ ಎಲ್ಲ ಕೊಂಡಿಗಳೂ ಒಂದೇ ಅಳತೆಯವು, ಅದು ಆ ತಂತ್ರದ ಬಲವೂ ಹೌದು, ಮಿತಿಯೂ ಹೌದು. ‘ಶಿವನ ಚಿಂತೆಯಲಿದ್ದವರೊಬ್ಬರನೂ ಕಾಣೆ’ ಎಂಬ ಮುಕ್ತಾಯಕ್ಕೆ ಆ ಸಮತೂಕ ಬೇಕಿತ್ತು. ಹಸಿದವನ ಕಡೆಯಿಂದ ನೋಡಿದರೆ ಬಸವಣ್ಣನವರ ಆರು ಸಾಲೇ ಹೆಚ್ಚು ನ್ಯಾಯ ಮಾಡುತ್ತದೆ, ಬಡತನ ಎಂಬ ಪದವನ್ನು ಒಮ್ಮೆಯೂ ಬಳಸದೆ.

ಕಪ್ಪುಮಣ್ಣು, ನರಗುಂದ

ಉಣಕಲ್ಲಿನ ಅಣ್ಣನವರು ಹೇಳಿದ್ದು ನಿಜ. ಜಂಗಮ ಎಂಬ ಪದದ ಧಾರ್ಮಿಕ ಅರ್ಥವನ್ನು ಮರೆಸಿ ಪಾಠ ಮಾಡಿದರೆ ಮಕ್ಕಳಿಗೆ ಅರ್ಧ ಸುಳ್ಳು ಹೇಳಿದಂತಾಗುತ್ತದೆ. ಮುಂದಿನ ಸಲ ಮೊದಲು ಅದನ್ನೇ ಹೇಳುತ್ತೇನೆ.

ಆದರೆ ಅವರು ನೆನಪಿಸಿದ ‘ಉಳ್ಳವರು’ ವಚನವನ್ನು ಇದರ ಪಕ್ಕದಲ್ಲಿಟ್ಟು ಓದಿದೆ. ‘ಎನ್ನ ಕಾಲೇ ಕಂಬ, ದೇಹವೇ ದೇಗುಲ, ಶಿರವೇ ಹೊನ್ನ ಕಳಸವಯ್ಯಾ.’ ಕಾಲು–ಕಂಬ, ದೇಹ–ದೇಗುಲ ಎಂದು ಮೊದಲ ಅಕ್ಷರಗಳು ಕೈ ಹಿಡಿದುಕೊಂಡೇ ಬರುತ್ತವೆ. ಶಿರ ಮತ್ತು ಕಳಸಕ್ಕೆ ಬಂದಾಗ ಆ ಹೊಂದಿಕೆ ತಪ್ಪುತ್ತದೆ, ನಡುವೆ ‘ಹೊನ್ನ’ ಎಂಬ ಪದ ಬಂದು ನಿಲ್ಲುತ್ತದೆ. ಬಡವನ ಗುಡಿಯಲ್ಲಿ ಚಿನ್ನ ಇರುವುದು ಅಲ್ಲಿ ಮಾತ್ರ, ತಲೆಯಲ್ಲಿ. ಅಲ್ಲಿ ಬಡವ ‘ನಾನು’ ಎಂದು ಮಾತನಾಡುತ್ತಾನೆ, ಅವನ ಮಾತಿನಲ್ಲಿ ಆತ್ಮಗೌರವವಿದೆ, ರೂಪಕಗಳ ಸಿರಿವಂತಿಕೆ ಇದೆ. ಕಲ್ಲ ನಾಗರದ ವಚನದಲ್ಲಿ ಹಸಿದವನಿಗೆ ಒಂದು ಮಾತೂ ಇಲ್ಲ. ಅವನು ಬರುತ್ತಾನೆ, ನಡೆ ಎನಿಸಿಕೊಳ್ಳುತ್ತಾನೆ, ಅಷ್ಟೇ. ಮಾತೆಲ್ಲ ಒಳಗಿರುವವರದು.

ಇನ್ನೊಂದು: ಹಾವನ್ನು ‘ಕಂಡರೆ’, ಶರಣರನ್ನು ‘ಕಂಡು’. ಜಂಗಮನಿಗೆ ಮಾತ್ರ ‘ಬಂದರೆ’. ಅವನನ್ನು ನೋಡಲು ಯಾರೂ ಹೋಗಲಿಲ್ಲ, ಅವನೇ ಬಂದ.

ಉಣಕಲ್ಲಿನವನು, ಹುಬ್ಬಳ್ಳಿ

ಆ ‘ಬಂದರೆ’ ನನ್ನನ್ನು ಹಿಡಿದು ನಿಲ್ಲಿಸಿತು, ಅಕ್ಕನವರೇ. ಆದರೂ ಕೇಳಬೇಕಾದದ್ದನ್ನು ಕೇಳುತ್ತೇನೆ. ಇಷ್ಟೊಂದು ಸೂಕ್ಷ್ಮವನ್ನು ಬಸವಣ್ಣನವರು ಕುಳಿತು ಹೆಣೆದರೇ? ‘ಅಮೃತಗಣ ದೇವಗಣವನರಿಯೆ’, ‘ಆನು ಒಲಿದಂತೆ ಹಾಡುವೆ’ ಎಂದವರು ಅವರೇ. ಛಂದಸ್ಸಿನ ಹಂಗು ಬೇಡವೆಂದವರ ಮಾತಿನಲ್ಲಿ ನಾವು ಅಕ್ಷರ ಎಣಿಸುತ್ತ ಕೂತರೆ ಅವರಿಗೆ ಅನ್ಯಾಯ ಮಾಡಿದಂತಾಗುವುದಿಲ್ಲವೇ?

ಸಪ್ತಾಪುರದ ಓದುಗ, ಧಾರವಾಡ

ಈ ಪ್ರಶ್ನೆಗೆ ಪೂರ್ತಿ ಉತ್ತರ ಕೊಡಬೇಕು ಎನಿಸುತ್ತದೆ.

‘ಅರಿಯೆ’ ಎಂದ ಆ ವಚನವನ್ನೇ ಗಟ್ಟಿಯಾಗಿ ಓದಿ. ತಾಳಮಾನ ಅರಿಯೆ, ಲೆಕ್ಕ ಅರಿಯೆ, ಗಣ ಅರಿಯೆ ಎಂದು ಮೂರು ಬಾರಿ ‘ಅರಿಯೆ’ ಬಂದು ಬೀಳುತ್ತದೆ. ಲಯ ಅರಿಯೆ ಎನ್ನುವ ಮಾತನ್ನೇ ಲಯದಲ್ಲಿ ಹೇಳಿದ್ದಾರೆ. ಅವರು ಬಿಟ್ಟದ್ದು ಪಂಡಿತರು ಕಟ್ಟಿದ ಲೆಕ್ಕವನ್ನು, ಕಿವಿಯನ್ನಲ್ಲ. ‘ನುಡಿದರೆ ಮುತ್ತಿನ ಹಾರದಂತಿರಬೇಕು’ ಎಂದವರೂ ಅವರೇ ತಾನೇ? ಹೆಣೆದರೋ ಹಾಗೆಯೇ ಬಂತೋ ಎಂಬುದು ನಮಗೆ ಬೇಕಾಗಿಲ್ಲ. ಒಳ್ಳೆಯ ಒಕ್ಕಲಿಗ ಕೂರಿಗೆ ಹಿಡಿದಾಗ ಸಾಲು ನೇರ ಬೀಳುತ್ತದೆ, ಅವನು ಹಗ್ಗ ಹಿಡಿದು ಅಳೆದಿರುವುದಿಲ್ಲ.

ಪಾಠಾಂತರದ ವಿಷಯವೂ ಇಲ್ಲಿ ಬರುತ್ತದೆ. ವಚನಗಳು ತಾಳೆಗರಿಯಲ್ಲಿ ಕೈಯಿಂದ ಕೈಗೆ ನಕಲಾಗಿ ಬಂದವು. 1880ರಲ್ಲಿ ನಮ್ಮ ಧಾರವಾಡದಲ್ಲೇ ಹುಟ್ಟಿದ ಫ. ಗು. ಹಳಕಟ್ಟಿಯವರು ಮನೆ ಮನೆ ತಿರುಗಿ ಆ ಕಟ್ಟುಗಳನ್ನು ಕೂಡಿಸಿ 1923ರಲ್ಲಿ ‘ವಚನಶಾಸ್ತ್ರ ಸಾರ’ವನ್ನು ಹೊರತಂದರು. ಆಮೇಲಿನ ಸಂಪಾದಕರು ಪ್ರತಿಗಳನ್ನು ಹೋಲಿಸಿ ನೋಡಿದರು. ಹಾಗಾಗಿ ಈ ವಚನದ ಮೊದಲ ಸಾಲುಗಳು ಕೆಲವೆಡೆ ‘ಕಂಡರೆ, ಬಂದರೆ’ ಎಂದೂ ಕೆಲವೆಡೆ ‘ಕಂಡಡೆ, ಬಂದಡೆ’ ಎಂದೂ ಸಿಗುತ್ತವೆ. ‘ಅಡೆ’ ಹಳೆಯ ರೂಪ, ಐದನೆಯ ಸಾಲಿನ ‘ಮಾಡಿದಡೆ’ಯಲ್ಲಿ ಅದು ಉಳಿದುಕೊಂಡಿದೆ. ಅದನ್ನೇ ಹಿಡಿದು ಮೂರನೆಯ ಸಾಲನ್ನು ಓದಿ ನೋಡಿ:

ಉಂಬ ಜಂಗಮ ಬಂದಡೆ ನಡೆಯೆಂಬರು.

ಬಂದಡೆ, ನಡೆ. ಬಂದ ಎನ್ನುವ ಮಾತಿನ ಬಾಲದಲ್ಲೇ ಹೋಗು ಎನ್ನುವ ಮಾತು ಅಂಟಿಕೊಂಡಿದೆ. ಅವನು ಹೊಸ್ತಿಲಲ್ಲಿ ನಿಲ್ಲಲು ಒಂದು ಉಸಿರಿನ ಬಿಡುವೂ ಇಲ್ಲ. ನಾನು ಎಷ್ಟೋ ವರ್ಷ ‘ಬಂದರೆ’ ಎಂದೇ ಪಾಠ ಮಾಡಿದವನು. ಈ ಚರ್ಚೆಗಾಗಿ ಮತ್ತೆ ಪುಸ್ತಕ ತೆಗೆದಾಗ ಇದು ಕಿವಿಗೆ ಬಿತ್ತು.

‘ನಡೆ’ ಎಂಬುದರ ಇನ್ನೊಂದು ಅರ್ಥವನ್ನೂ ಬಿಡಬಾರದು. ಶರಣರಿಗೆ ನಡೆ–ನುಡಿ ಎಂಬ ಜೋಡಿಗಿಂತ ದೊಡ್ಡದಿಲ್ಲ. ಇಲ್ಲಿ ನಡೆ ಎಂಬುದು ಬರೀ ನುಡಿಯಾಗಿ, ಬೇರೆಯವನನ್ನು ಅಟ್ಟುವ ಮಾತಾಗಿ ಉಳಿದಿದೆ. ಈ ಶ್ಲೇಷೆಯನ್ನು ಎಲ್ಲರೂ ಒಪ್ಪಲಿಕ್ಕಿಲ್ಲ, ನಾನು ಮಾತ್ರ ಬಿಟ್ಟುಕೊಡುವುದಿಲ್ಲ. ಐದನೆಯ ಸಾಲಿನ ‘ಉದಾಸೀನ’ವನ್ನು ಬಿಡಿಸಿದರೆ ಉತ್ ಮತ್ತು ಆಸೀನ, ದೂರ ಸರಿದು ಕುಳಿತವನು. ಹಸಿದವನಿಗೆ ನಡೆ ಎಂದವರು ತಾವು ಕುಳಿತೇ ಇದ್ದಾರೆ.

ತುಂಗಭದ್ರೆಯ ದಂಡೆ, ಹಾವೇರಿ

‘ಬಂದಡೆ ನಡೆ’ ಎಂಬುದನ್ನು ಜೋರಾಗಿ ಹೇಳಿ ನೋಡಿದೆ. ಬಾಗಿಲು ಮುಚ್ಚಿದ ಸದ್ದೇ ಕೇಳಿಸಿತು.

ಶಬ್ದದಿಂದಲೇ ದೂರು ಹೇಳುವುದನ್ನು ಬೇಂದ್ರೆಯವರೂ ‘ಕುರುಡು ಕಾಂಚಾಣ’ದಲ್ಲಿ ಮಾಡಿದ್ದಾರೆ. ಗುಡಿಯ ಗಣಣ, ಮಹಡಿಯ ತನನ, ಅಂಗಡಿಯ ನಾಣ್ಯದ ಸದ್ದು ಮೂರನ್ನೂ ಒಂದೇ ಲಯಕ್ಕೆ ಕಟ್ಟಿದ್ದಾರೆ. ಗಂಟೆಗೂ ಗಲ್ಲಾಪೆಟ್ಟಿಗೆಗೂ ವ್ಯತ್ಯಾಸವಿಲ್ಲ ಎಂದು ಅವರು ಎಲ್ಲಿಯೂ ಹೇಳುವುದಿಲ್ಲ, ಕೇಳಿಸುತ್ತಾರೆ. ಸಾಧನಕೇರಿಯ ಕವಿಗೂ ಕೂಡಲಸಂಗಮದವರಿಗೂ ಆ ಕಿವಿ ಒಂದೇ.

ವೀರನಾರಾಯಣನ ಓಣಿ, ಗದಗ

ನನಗೆ ಒಂದು ಸಣ್ಣ ಸಂಶಯ. ‘ಕಲ್ಲ’ ಮತ್ತು ‘ಕೊಲ್ಲೆ’ ಎಂಬ ಎರಡು ಪದಗಳು ಬಹಳ ಹತ್ತಿರದವು. ಮೊದಲ ಸಾಲು ಕಲ್ಲಿನಿಂದ ಹೊರಟು ಎರಡನೆಯದು ಕೊಲ್ಲುವುದರಲ್ಲಿ ಮುಗಿಯುತ್ತದೆ. ಇದೂ ಲೆಕ್ಕಕ್ಕೆ ಬರುತ್ತದೆಯೇ, ಸರ್?

ಸಪ್ತಾಪುರದ ಓದುಗ, ಧಾರವಾಡ

ಖಂಡಿತ ಬರುತ್ತದೆ, ತಾಯಿ. ‘ಕಲ್ಲು’, ‘ಕೊಲ್ಲು’ ಎಂಬ ಮೂಲ ಪದಗಳ ನಡುವೆ ಬದಲಾದದ್ದು ಒಂದು ಸ್ವರ ಮಾತ್ರ. ಕಲ್ಲಿಗೆ ಹಾಲೆರೆಯುವ ಬಾಯಿಗೆ ಕೊಲ್ಲು ಎನ್ನಲು ಹೆಚ್ಚು ಶ್ರಮ ಬೇಕಾಗಲಿಲ್ಲ. ಪಂಡಿತಳಲ್ಲ ಎಂದು ಇನ್ನು ಮುಂದೆ ಬರೆಯಬೇಡಿ.

ಕಪ್ಪುಮಣ್ಣು, ನರಗುಂದ

ಇವತ್ತು ನಿಮ್ಮೆಲ್ಲರ ಮಾತುಗಳನ್ನು ತರಗತಿಗೆ ಒಯ್ದೆ. ಎಲ್ಲವನ್ನೂ ಹೇಳಲು ಆಗಲಿಲ್ಲ, ಘಂಟೆ ಬಾರಿಸಿತು. ಆದರೆ ಕೊನೆಯ ಸಾಲಿನ ಹತ್ತಿರ ನಿಂತಾಗ ಆದದ್ದನ್ನು ಬರೆಯಲೇಬೇಕು.

‘ಮಿಟ್ಟೆ’ ಎಂದರೆ ಮಣ್ಣಿನ ಹೆಂಟೆ ಎಂದೆ. ನಮ್ಮ ಕರಿ ಭೂಮಿಯ ಮಕ್ಕಳಿಗೆ ಹೆಂಟೆಯನ್ನು ವಿವರಿಸಬೇಕಾಗಿಲ್ಲ, ಶಾಲೆಯ ಬೇಲಿ ದಾಟಿದರೆ ಹೊಲ. ಇಬ್ಬರು ಹುಡುಗರನ್ನು ಕಳಿಸಿ ಎರಡು ಹೆಂಟೆ ತರಿಸಿದೆ. ಧ್ವಜಕಟ್ಟೆಯ ಕಲ್ಲಿಗೆ ಒಬ್ಬ ಎಸೆದ. ಅದು ಒಡೆಯಲಿಲ್ಲ, ಪುಡಿಯಾಯಿತು. ಕಲ್ಲಿನ ಮೇಲೆ ಮಣ್ಣಿನ ಗುರುತು ಬಿಟ್ಟರೆ ಬೇರೇನೂ ಉಳಿಯಲಿಲ್ಲ. ಆಗ ಹೇಳಿದೆ: ವಚನದ ಮೊದಲ ಪದ ‘ಕಲ್ಲ’, ಕೊನೆಯ ಸಾಲಿನ ಮೊದಲ ಪದವೂ ‘ಕಲ್ಲ’. ಮೊದಲನೆಯದು ಕಲ್ಲಿನ ಎಂಬ ಅರ್ಥದಲ್ಲಿ, ಕೊನೆಯದು ಕಲ್ಲನ್ನು ಎಂಬ ಅರ್ಥದಲ್ಲಿ. ಅಲ್ಲಿ ಅವರು ಹಾಲೆರೆದ ಕಲ್ಲು ಸುಮ್ಮನಿತ್ತು. ಇಲ್ಲಿ ಅವರೇ ಹೋಗಿ ಬಡಿದುಕೊಳ್ಳುವ ಕಲ್ಲು ಹಸಿದವನೇ, ಶರಣನೇ.

ಆಗ ಮೊದಲ ದಿನ ಪ್ರಶ್ನೆ ಕೇಳಿದ ಹುಡುಗಿ ಕೈ ಎತ್ತಿದಳು. ‘ಅಕ್ಕನವರೇ, ನಾಲ್ಕು ಸಲ ಎಂಬರು, ಎಂಬರು ಎಂದಿದೆ. ಕೊನೆಗೆ ಮಾತ್ರ ಅಪ್ಪರು ಎಂದಿದೆ. ಅಪ್ಪರು ಎಂದರೆ ಆಗುವರು ತಾನೇ?’ ಎಂದಳು. ಹೌದು ಎಂದೆ. ‘ಹಾಗಾದರೆ ಅಲ್ಲಿಯವರೆಗೆ ಅವರು ಬರೀ ಹೇಳಿದರು. ಅವರಿಗೆ ಏನಾದರೂ ಆದದ್ದು ಅಲ್ಲಿಯೇ ಮೊದಲು.’

ಇದನ್ನು ನಾನು ಕಲಿಸಿರಲಿಲ್ಲ, ಈ ಚರ್ಚೆಯಲ್ಲಿಯೂ ಯಾರೂ ಬರೆದಿರಲಿಲ್ಲ. ನಾನು ಕರಿಹಲಗೆಯ ಮೇಲೆ ‘ಎಂಬರು’ ಎಂದು ನಾಲ್ಕು ಸಲ ಒಂದರ ಕೆಳಗೆ ಒಂದು ಬರೆದು, ಅದರ ಕೆಳಗೆ ‘ಅಪ್ಪರು’ ಎಂದು ಬರೆದೆ. ಎರಡನೆಯ ಹೆಂಟೆ ಇನ್ನೂ ಅವಳ ಬೆಂಚಿನ ಮೇಲೆಯೇ ಇತ್ತು. ಸಂಜೆ ಶಾಲೆ ಬಿಟ್ಟಾಗ ಅವಳು ಅದನ್ನು ಒಯ್ದು ಬೇಲಿಯಾಚೆಯ ಹೊಲದಲ್ಲಿ ಇಟ್ಟು ಬಂದಳು.